ಓದುಗರ ಪ್ರಶ್ನೆ: ಬರೀ ಕುಣಿಸಿದರೆ ಮಕ್ಕಳಿಗೆ ಸಂಗೀತ ಬರುತ್ತಾ?

ಪ್ರಶ್ನೆ: ಮೇಡಂ, ನನ್ನ ಮಗಳು ದಾವಣಗೆರೆಯಲ್ಲಿ ಎರಡನೇ ಕ್ಲಾಸ್ ಓದುತ್ತಿದ್ದಾಳೆ. ಮ್ಯೂಸಿಕ್ ಪೀರಿಯಡ್‌ನಲ್ಲಿ ಬರೀ ಕುಣಿಸ್ತಾರೆ, ಚಪ್ಪಾಳೆ ಹೊಡೆಸ್ತಾರೆ, ಓಡಿಸ್ತಾರೆ. ಸರಿಗಮ ಯಾವಾಗ ಶುರು ಮಾಡ್ತಾರೆ?

ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗಳ ಸಂಗೀತ ಪಾಠ ಆಗಲೇ ಶುರುವಾಗಿದೆ. ಕೂತು ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠ, ಹೇಳುವುದು ಮೂರನೇ ಕ್ಲಾಸಿಗೋ ನಾಲ್ಕನೇ ಕ್ಲಾಸಿಗೋ ಬಂದರೆ ಏನೂ ತಡವಲ್ಲ. ಶಾಲೆಯಲ್ಲಿ ಹಾರ್ಮೋನಿಯಂ ಇಲ್ಲ ಅನ್ನುವ ಚಿಂತೆಯೂ ಬೇಡ. ಈ ವಯಸ್ಸಿಗೆ ಅಂಗಳ ಇದ್ದರೆ ಸಾಕು.

ಆದರೂ ಸಮಾಧಾನ ಆಗಲ್ಲ, ಗೊತ್ತು. ಯಾಕಂದ್ರೆ ಒಂದು ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ: ಕೈಕಾಲು ಸುಮ್ನಿದ್ದರೆ ಮಾತ್ರ ಸಂಗೀತ ತಲೆಗೆ ಹೋಗುತ್ತೆ, ಕುಣಿದರೆ ಅದು ಆಟ, ಪಾಠ ಅಲ್ಲ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಇವತ್ತು ಬಿಡಿಸಿ ಹೇಳುತ್ತೇನೆ.

ದುಗ್ಗಮ್ಮನ ಜಾತ್ರೆಗೆ ಹೋಗಿದ್ದೀರಲ್ಲ, ಡೊಳ್ಳಿನವರನ್ನು ನೆನಪಿಸಿಕೊಳ್ಳಿ. ಅಲ್ಲಿ ಬಾರಿಸುವವರೇ ಕುಣಿಯುವವರು. ಹೆಜ್ಜೆ ತಪ್ಪಿದರೆ ಪೆಟ್ಟೂ ತಪ್ಪುತ್ತದೆ. ಕೋಲಾಟದಲ್ಲೂ ಅಷ್ಟೇ, ಕಾಲು ಹಿಂದೆ ಬಿದ್ದರೆ ಎದುರಿನವರ ಕೋಲು ಗಾಳಿಗೆ ಬೀಳುತ್ತದೆ. ಅವರನ್ನೆಲ್ಲ ಕೂರಿಸಿ ಬಾರಿಸಿ ಅಂತ ಯಾರೂ ಹೇಳಲ್ಲ.

"ಅದು ಜಾನಪದ, ಶಾಸ್ತ್ರೀಯ ಬೇರೆ" ಅಂತೀರಿ. ಹಾಗಾದರೆ ಆದಿತಾಳ ನೋಡಿ. ಒಂದು ಪೆಟ್ಟು, ಕಿರುಬೆರಳಿಂದ ಮೂರು ಎಣಿಕೆ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡುವುದು). ಒಟ್ಟು 8. ಕೂತೇ ಹಾಡುವ ವಿದ್ವಾಂಸರ ಕೈಯೂ ಸುಮ್ನಿರಲ್ಲ ಅಲ್ವಾ? ಆರು ವರ್ಷದ ಮಗುವನ್ನು ಕೂರಿಸಿ ಇದನ್ನು ಹಾಕಿಸಿದರೆ ಅದು ಟೀಚರ್ ಕೈ ನೋಡಿ ನಕಲು ಮಾಡುತ್ತದೆ, ಅರ್ಧ ಎಣಿಕೆ ಹಿಂದೆಯೇ ಉಳಿಯುತ್ತದೆ. ಹಾಡು ಗೊತ್ತಿದ್ದರೆ ವೇಗ ಜಾಸ್ತಿ ಮಾಡುತ್ತಾ ಓಡುತ್ತದೆ. ಅದೇ ಮಗುವನ್ನು ಸಾಲಿನಲ್ಲಿ ನಡೆಸಿ. ಕಾಲಿಗೆ ಮೈಯ ಭಾರ ಇದೆ, ಎತ್ತಿ ಇಡಲು ಇಷ್ಟು ಹೊತ್ತು ಬೇಕೇ ಬೇಕು. ಅವಸರ ಮಾಡಿದರೆ ಮುಂದಿನವರ ಬೆನ್ನಿಗೆ ಡಿಕ್ಕಿ. ಯಾರೂ ಹೇಳದೆ ತಪ್ಪು ತಿಳಿಯುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿದ್ದ ಎಮಿಲ್ ಜಾಕ್ ಡಾಲ್‌ಕ್ರೋಜ್ (1865–1950) ಜಿನೀವಾದ ಸಂಗೀತ ಶಾಲೆಯಲ್ಲಿ ಇದನ್ನೇ ಕಂಡುಕೊಂಡರು. ಅವರ ವಿದ್ಯಾರ್ಥಿಗಳು ದೊಡ್ಡವರು, ವಾದ್ಯ ಬಲ್ಲವರು. ಆದರೂ ಲಯ ನಿಲ್ಲುತ್ತಿರಲಿಲ್ಲ. ಅವರನ್ನು ಎಬ್ಬಿಸಿ ನಡೆಸಿದರು, ಅದರಿಂದಲೇ ಒಂದು ಬೋಧನಾ ಪದ್ಧತಿ ಬೆಳೆಯಿತು. ನಮ್ಮ ನಲಿ-ಕಲಿಯೂ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಅಕ್ಷರ, ಲೆಕ್ಕವನ್ನೇ ಆಡುತ್ತಾ ಕಲಿಯಬಹುದು ಅಂತ ಒಪ್ಪಿದ ನಾವು ಸಂಗೀತಕ್ಕೆ ಮಾತ್ರ ಆಟ ಬೇಡ ಅನ್ನುವುದು ಯಾವ ನ್ಯಾಯ?

ನನ್ನ ಕ್ಲಾಸಿನ ಒಂದು ಆಟ ಹೇಳುತ್ತೇನೆ. ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳ ತಾಲ್ಲೂಕುಗಳ ಹೆಸರು ಕೂಗುತ್ತಾ ಹೆಜ್ಜೆ ಹಾಕುವುದು. ದೀರ್ಘ ಬಂದರೆ, ಸೊನ್ನೆ ಬಂದರೆ, ಮುಂದೆ ಒತ್ತಕ್ಷರ ಇದ್ದರೆ ಆ ಅಕ್ಷರ ಎರಡು ಎಣಿಕೆ ಹಿಡಿಯುತ್ತದೆ. ಇದನ್ನು ಮಕ್ಕಳಿಗೆ ಹೇಳುವುದೂ ಬೇಡ, ಬಾಯಿಯೇ ಹೇಳಿಕೊಡುತ್ತದೆ. ಹರಿಹರ 4. ನ್ಯಾಮತಿಯೂ 4. ತಕಧಿಮಿ ಅಂತ ನಾಲ್ಕು ಹೆಜ್ಜೆ. ದಾವಣಗೆರೆ 6, ಚಿತ್ರದುರ್ಗ 6, ಎರಡೂ ತಕಿಟ ತಕಿಟ. ಜಗಳೂರು, ಹೊನ್ನಾಳಿ, ಚನ್ನಗಿರಿ, ಚಳ್ಳಕೆರೆ, ಹಿರಿಯೂರು, ಹೊಸದುರ್ಗ ಎಲ್ಲ 5. ತಕ ತಕಿಟ: ಚಳ್-ಳಕೆರೆ, ಜಗ-ಳೂರು. ಭಾಗ ಶುರುವಾಗುವಲ್ಲಿ ಜೋರಾಗಿ ಕಾಲು ಊರಬೇಕು. ಈ ಆರು ಊರು ಸರಾಗವಾಗಿ ಸಾಗುತ್ತವೆ. ಆಮೇಲೆ ಹೊಳಲ್ಕೆರೆ ಅನ್ನುತ್ತೇನೆ. ಅದೂ 5, ಆದರೆ ಇಡೀ ಸಾಲು ಎಡವುತ್ತದೆ. ಅದು ಹೊಳಲ್-ಕೆರೆ, ತಕಿಟ ತಕ, ಮೂರು ಮೊದಲು. "ಮಿಸ್, ಇದು ಉಲ್ಟಾ ಇದೆ!" ಅಂತ ಕೂಗಿದ ಮಗುವಿಗೆ ಖಂಡ ನಡೆ, ಅಂದರೆ ಐದರ ನಡೆ, ಎರಡೂ ಕಡೆಯಿಂದ ಅರ್ಥ ಆಗಿದೆ. ಕೊನೆಗೆ ಮೊಳಕಾಲ್ಮೂರು, 7. ಹಸಿವಾದ ಹೊತ್ತಿಗೆ "ಮಂಡಕ್ಕಿ ಮಿರ್ಚಿ" ಹೇಳಿಸುತ್ತೇನೆ. ಐದೂ ಮೂರೂ ಎಂಟು, ಆದಿತಾಳದ ಒಂದು ಆವರ್ತ, ಅಂದರೆ ಪೂರ್ತಿ ಒಂದು ಸುತ್ತು. ತಾಳ ಹಾಕಲು ಅಲ್ಲಿಂದಲೇ ಶುರು.

ಸ್ವರಕ್ಕೂ ಆಟ ಇದೆ. ಕುಕ್ಕರಗಾಲಲ್ಲಿ ಕೂತು ಸ, ಎದ್ದು ನಿಂತು ಪ, ಹಾರಿ ಮೇಲಿನ ಸ. "ಇವನಿಗೆ ಗಂಟಲೇ ಇಲ್ಲ" ಅಂತ ಮನೆಯವರು ಕೈಬಿಟ್ಟ ಮಕ್ಕಳೂ ಹಾರಿದಾಗ ಮೇಲಿನ ಸ ಹತ್ತಿರಕ್ಕೆ ಬರುತ್ತಾರೆ. ದಯವಿಟ್ಟು ಆ ಮಾತನ್ನು ಮಗುವಿನ ಎದುರು ಆಡಬೇಡಿ.

ಸರಿಗಮಕ್ಕೆ ಮಗಳು ಸಿದ್ಧಳಾಗಿದ್ದಾಳಾ ಅಂತ ಮನೆಯಲ್ಲೇ ನೋಡಬಹುದು. ಇಬ್ಬರೂ ಜೊತೆಯಲ್ಲಿ ನಡೆಯುತ್ತಾ ಚಪ್ಪಾಳೆ ಹೊಡೆಯಿರಿ. ನಡಿಗೆ ನಿಲ್ಲಿಸದೆ ನಾಲ್ಕು ಎಣಿಕೆ ಚಪ್ಪಾಳೆ ಬಿಡಿ. ಐದನೆಯದಕ್ಕೆ ಅವಳ ಕೈ ನಿಮ್ಮ ಮುಖ ನೋಡದೆ ಸರಿಯಾಗಿ ಬಿದ್ದರೆ ಕೂತು ಕಲಿಯಲು ಕಳಿಸಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಲಘು-ಗುರು ಹಾಕಿ ಗಣ ಬಿಡಿಸಬೇಕಾದಾಗ ಎಷ್ಟೋ ಮಕ್ಕಳು ಕಂಗಾಲಾಗುತ್ತಾರೆ. ಅದು ಇದೇ ಎಣಿಕೆ: ಲಘು ಅಂದರೆ ಒಂದು, ಗುರು ಅಂದರೆ ಎರಡು. ಮೂರು ಮಾತ್ರೆಯದು ಉತ್ಸಾಹ ರಗಳೆ, ನಾಲ್ಕರದು ಮಂದಾನಿಲ, ಐದರದು ಲಲಿತ. ಮೂರು-ನಾಲ್ಕು ಸೇರಿ ಸಾಗುವುದು ಭಾಮಿನಿ ಷಟ್ಪದಿ. ಷಟ್ಪದಿಯ ಗಣ ಲಘು-ಗುರುವಿನಿಂದ ಶುರುವಾಗಬಾರದು ಅನ್ನುವ ನಿಯಮವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಯಾಕೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಹೊಳಲ್ಕೆರೆ ಶುರುವಾಗುವುದೂ ಲಘು-ಗುರುವಿನಿಂದಲೇ. ಅಲ್ಲಿ ಎಡವಿದ ಮಗುವಿಗೆ ಆ "ಯಾಕೆ" ಗೊತ್ತಿರುತ್ತದೆ.