ಓದುಗರ ಪ್ರಶ್ನೆ: ಬಂಡೆಗೆ ಅಂಟಿಕೊಂಡ ಆ ಸೈಕಲ್ ದಾರಿಯಲ್ಲಿ ನಮ್ಮಂಥವರು ಹೋಗಬಹುದಾ?

ಪ್ರಶ್ನೆ: ರಜೆಗೆ ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್‌ಗೆ ಹೋಗುತ್ತಿದ್ದೇವೆ. ಅಲ್ಲಿಗೆ ಹತ್ತಿರದ ಲೇಕ್ ಡನ್‌ಸ್ಟನ್ ಟ್ರೇಲ್‌ನ ಫೋಟೊ ನೋಡಿ ಮನಸ್ಸಾಗಿದೆ. ಆದರೆ ನಾವು ಭಾನುವಾರ ಬೆಳಗ್ಗೆ ಮಾತ್ರ ಸೈಕಲ್ ತುಳಿಯುವವರು. ಮಗನಿಗೆ ಹನ್ನೊಂದು ವರ್ಷ. ಇ-ಬೈಕ್ ಬಾಡಿಗೆಗೆ ಸಿಗುತ್ತದಂತೆ. ನಾವು ಹೋಗಬಹುದಾ?

ಉತ್ತರ: ಹೋಗಬಹುದು. ಆದರೆ ಪೂರ್ತಿ ಹೋಗಬೇಕಾ, ಅರ್ಧಕ್ಕೆ ನಿಲ್ಲಬೇಕಾ ಅನ್ನೋದು ಬೇರೆ ಮಾತು. ಈ ಪ್ರಶ್ನೆ ಕೇಳುವ ಹೆಚ್ಚಿನವರು ತಮ್ಮ ಕಾಲಿನ ಶಕ್ತಿ ಬಗ್ಗೆ ಯೋಚಿಸುತ್ತಾರೆ. ನಾನು ಕೇಳುವುದು ಕೈ ಮತ್ತು ಕಣ್ಣಿನ ಬಗ್ಗೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ದಾರಿ ಹೇಗಿದೆ ನೋಡೋಣ. ಇದು ದಕ್ಷಿಣ ದ್ವೀಪದ ಸೆಂಟ್ರಲ್ ಒಟಾಗೊ ಸೀಮೆಯಲ್ಲಿದೆ. ಕ್ವೀನ್ಸ್‌ಟೌನ್‌ನಿಂದ ಕ್ರಾಮ್‌ವೆಲ್ ಊರಿಗೆ ಕಾರಿನಲ್ಲಿ ಒಂದು ಗಂಟೆ. ಅಲ್ಲಿಂದ ಕ್ಲೈಡ್ ಊರಿನವರೆಗೆ ಕ್ಲೂಥಾ ನದಿಯ ಕಣಿವೆಯಲ್ಲಿ ಈ ದಾರಿ ಸಾಗುತ್ತದೆ. ಮಾವೊರಿ ಜನ ಈ ನದಿಯನ್ನು ಮಾತಾ-ಔ ಅನ್ನುತ್ತಾರೆ. ಟ್ರೇಲ್ ತೆರೆದಿದ್ದು 2021ರ ಮೇನಲ್ಲಿ. ಒಟ್ಟು ಉದ್ದ ಸುಮಾರು 55 ಕಿ.ಮೀ. ಕ್ರಾಮ್‌ವೆಲ್‌ನ ಹಳೇ ಪೇಟೆಯಿಂದ ಹೊರಟರೆ ಕ್ಲೈಡ್‌ಗೆ 40ಕ್ಕಿಂತ ಸ್ವಲ್ಪ ಜಾಸ್ತಿ. ಹೆಚ್ಚಿನವರು ತುಳಿಯುವುದು ಇಷ್ಟನ್ನೇ.

ಈ ದಾರಿಯಲ್ಲಿ ಎರಡು ದಾರಿಗಳಿವೆ ಅಂದುಕೊಳ್ಳಿ. ಕ್ರಾಮ್‌ವೆಲ್‌ನಿಂದ ಕಾರ್ನಿಶ್ ಪಾಯಿಂಟ್‌ವರೆಗಿನದು ಒಂದು. ಅಲ್ಲಿಂದ ಕ್ಲೈಡ್‌ವರೆಗಿನದು ಇನ್ನೊಂದು.

ಮೊದಲನೆಯದಕ್ಕೆ ನೀವು ಕಣ್ಣು ಮುಚ್ಚಿಕೊಂಡು ಹೂಂ ಅನ್ನಬಹುದು. ಹೆಚ್ಚು ಏರಿಲ್ಲ, ನೀರಿನ ಪಕ್ಕದಲ್ಲೇ ಹಾಯಾಗಿ ಹೋಗುತ್ತದೆ. ಬ್ಯಾನಕ್‌ಬರ್ನ್ ಸೇತುವೆ ದಾಟಿ, ದ್ರಾಕ್ಷಿ ತೋಟಗಳ ಮಗ್ಗುಲಲ್ಲಿ ತಿರುಗಿ, ಇನ್ನೊಂದು ದಡದಲ್ಲಿ ವಾಪಸ್ ಬರುತ್ತೀರಿ. ಕಾರ್ನಿಶ್ ಪಾಯಿಂಟ್‌ನಲ್ಲಿ ನಿಂತು ನೋಡಿದರೆ ನೀರಿನಾಚೆ ನೀವು ಹೊರಟ ಪೇಟೆಯೇ ಕಾಣುತ್ತದೆ. ಇಷ್ಟು ದೂರ ತುಳಿದು ಬಂದಿದ್ದು ಎದುರು ದಡಕ್ಕೆ!

ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಮುಂದಿರುವುದು ಹೆಸರಿಗೆ ಲೇಕ್, ಅಸಲಿಗೆ ಹಿನ್ನೀರು. ಕ್ಲೈಡ್ ಅಣೆಕಟ್ಟಿನಿಂದಾಗಿ 1992–93ರಲ್ಲಿ ತುಂಬಿಕೊಂಡದ್ದು. ಅದಕ್ಕೂ ಮೊದಲು ಇಲ್ಲಿ ಕ್ಲೂಥಾ ಮತ್ತು ಕವಾರಾ ನದಿಗಳು ಸೇರುತ್ತಿದ್ದವು. ಎರಡು ಬಣ್ಣದ ನೀರು ಬೆರೆಯುವುದನ್ನು ಜನ ಸೇತುವೆ ಮೇಲೆ ನಿಂತು ನೋಡುತ್ತಿದ್ದರು. ಆ ಸಂಗಮ, ಹಳೇ ಪೇಟೆಬೀದಿ, ಕಣಿವೆಯ ಏಪ್ರಿಕಾಟ್ ತೋಟಗಳು ಎಲ್ಲಾ ನೀರಿನಡಿ ಹೋದವು. ಒಂದಷ್ಟು ಹಳೇ ಕಟ್ಟಡಗಳನ್ನು ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ನೀವು ಹೊರಟ ಹಳೇ ಪೇಟೆ ಅಂದರೆ ಅದೇ. ಶರಾವತಿ ಸೀಮೆಯವರಿಗೆ ‘ಮುಳುಗಡೆ’ ಅನ್ನೋ ಒಂದೇ ಮಾತು ಸಾಕು, ಬೇರೇನೂ ಹೇಳಬೇಕಿಲ್ಲ. ಬೇಸಗೆಯಲ್ಲಿ ಫೋಟೊ ತೆಗೆದುಕೊಂಡು ಹೋಗುವವರಿಗೂ ಈ ವಿಷಯ ಗೊತ್ತಿರಲಿ ಅನ್ನೋದು ನನ್ನ ಆಸೆ.

ಈ ಕಣಿವೆಯಲ್ಲಿ ಜನ ಸೇರಿದ್ದು ಚಿನ್ನಕ್ಕಾಗಿ. 1862ರಲ್ಲಿ ಹಾರ್ಟ್ಲಿ, ರೈಲಿ ಅನ್ನುವ ಇಬ್ಬರು ಇಲ್ಲಿಂದ 87 ಪೌಂಡ್ ತೂಕದ ಚಿನ್ನ ತೆಗೆದು ಡುನೆಡಿನ್ ಊರಿಗೆ ಒಯ್ದರು. ಸುದ್ದಿ ಹಬ್ಬಿ ಸಾವಿರಾರು ಜನ ನುಗ್ಗಿದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರ ನೆನಪು ಕಾರ್ನಿಶ್ ಪಾಯಿಂಟ್ ಹೆಸರಿನಲ್ಲೇ ಉಳಿದಿದೆ. ಆ ಕಾಲದಲ್ಲಿ ಬಂದ ಥೈಮ್ ಗಿಡ ಈಗ ಗುಡ್ಡವೆಲ್ಲಾ ಹಬ್ಬಿದೆ. ದಾರಿ ಪಕ್ಕದ ಒಂದು ಎಸಳು ಕಿತ್ತು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಓಮದ ಕಾಳಿನ ವಾಸನೆ! ಸುಮ್ನೆ ಹಾಗನ್ನಿಸುವುದಲ್ಲ, ಎರಡರಲ್ಲೂ ಇರುವುದು ಥೈಮಾಲ್ ಅನ್ನುವ ಒಂದೇ ಅಂಶ. ಅಷ್ಟು ದೂರದ ಒಣಗುಡ್ಡದಲ್ಲಿ ಅಜ್ಜಿಯ ಓಮದ ಕಷಾಯ ನೆನಪಾಗುತ್ತದೆ.

ಈಗ ಎರಡನೆಯ ದಾರಿಗೆ ಬರೋಣ. ನಿಮ್ಮ ಪ್ರಶ್ನೆ ನಿಜಕ್ಕೂ ಇರುವುದು ಇಲ್ಲಿ.

ಕಾರ್ನಿಶ್ ಪಾಯಿಂಟ್‌ವರೆಗೆ ಕಾರು ಬರುವ ರಸ್ತೆ ಇದೆ. ಅದರಾಚೆ ಇಲ್ಲ. ಎದುರು ದಡದಲ್ಲಿ ಹೆದ್ದಾರಿ, ಅಲ್ಲಿ ಓಡುವ ಕಾರುಗಳು ಎಲ್ಲಾ ಕಾಣುತ್ತವೆ. ಆದರೆ ನಡುವೆ ಹಿನ್ನೀರು. ಸುಸ್ತಾಯಿತು, ಭಯವಾಯಿತು ಅಂದರೆ ಒಂದೋ ಮುಂದೆ ಹೋಗಬೇಕು, ಇಲ್ಲಾ ಬಂದ ದಾರಿಯಲ್ಲೇ ವಾಪಸ್. ನಡುವೆ ಕುಡಿಯುವ ನೀರೂ ಸಿಗುವುದಿಲ್ಲ. ಸೀಸನ್‌ನಲ್ಲಿ ದೋಣಿಯಲ್ಲಿ ಕಾಫಿ ಮಾರುವುದುಂಟು. ಅದನ್ನು ನಂಬಿ ನೀರಿನ ಬಾಟಲಿ ಬಿಟ್ಟು ಹೋಗಬೇಡಿ.

ಫೋಟೊದಲ್ಲಿ ನೀವು ನೋಡಿದ್ದು ಈ ಭಾಗವನ್ನೇ. ನೀರಿನಿಂದ ನೆಟ್ಟಗೆ ಎದ್ದ ಬಂಡೆ. ದಾರಿ ಮಾಡಲು ಜಾಗವೇ ಇಲ್ಲದ ಕಡೆ ಬಂಡೆಗೆ ಉಕ್ಕಿನ ಬೋಲ್ಟ್ ಹೊಡೆದು, ಅದರ ಮೇಲೆ ಅಟ್ಟದ ಹಾಗೆ ಹಲಗೆ ಹಾಸಿದ್ದಾರೆ. ಗೋಡೆಗೆ ಶೆಲ್ಫ್ ಹೊಡೆದಂತೆ. ಅದರ ಮೇಲೆ ಸೈಕಲ್ ಹೋಗುವಾಗ ಕೆಳಗಿರುವುದು ಬರೀ ನೀರು. ಪಕ್ಕದ ಕಲ್ಲು ಪದರಪದರವಾದ ಶಿಸ್ಟ್, ಬಿಸಿಲಿಗೆ ಅಭ್ರಕದಂತೆ ಮಿನುಗುತ್ತದೆ. ಮುಂದೆ ಕೆರ್ನ್‌ಮ್ಯೂರ್ ಗುಡ್ಡಕ್ಕೆ ಹಾವಿನಂತೆ ಸುತ್ತಿ ಹತ್ತುವ ಏರು ಇದೆ. 80 ಮೀಟರ್ ದಾಟುವ ಹ್ಯೂಗೊ ತೂಗುಸೇತುವೆಯೂ ಇದೆ.

ನಿಜ ಹೇಳಬೇಕೆಂದರೆ ಹಲಗೆಯ ಅಟ್ಟಗಳು ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ಅಂಚಿಗೆ ಕಂಬಿಯೇ ಇಲ್ಲದ, ಬದಿಯಲ್ಲಿ ಇಳಿಜಾರು ಇರುವ ಕಡೆ. ಅಲ್ಲಿ ಸೈಕಲ್ ನೆಟ್ಟಗೆ ಹೋಗಬೇಕು. ಕಣ್ಣು ಮುಂದಿನ ದಾರಿ ಮೇಲಿರಬೇಕು. ನೀರಿನ ಕಡೆ ನೋಡಿದರೆ ಹ್ಯಾಂಡಲ್ಲೂ ಆ ಕಡೆಗೇ ಎಳೆಯುತ್ತದೆ. ನೋಡಬೇಕು ಅನ್ನಿಸಿದರೆ ನಿಲ್ಲಿಸಿ, ಇಳಿದು ನೋಡಿ.

ಇ-ಬೈಕ್ ಏರಿನಲ್ಲಿ ಕೈ ಹಿಡಿಯುತ್ತದೆ, ಅಂಚಿನಲ್ಲಿ ಅಲ್ಲ. ಅದರ ತೂಕ ಜಾಸ್ತಿ. ಕಡಿದಾದ ತಿರುವಿನಲ್ಲಿ ಮೋಟಾರ್ ಜೋರಾಗಿ ತಳ್ಳಿದರೆ ಹೊಸಬರು ಗಾಬರಿ ಬೀಳುತ್ತಾರೆ. ತಿರುವಿಗೆ ಮುಂಚೆ ಮೋಟಾರಿನ ಜೋರು ಕಡಿಮೆ ಮಾಡಿಕೊಳ್ಳಿ.

ಎಡ-ಬಲದ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ನ್ಯೂಜಿಲೆಂಡ್‌ನಲ್ಲೂ ನಮ್ಮ ಹಾಗೆ ಎಡಕ್ಕೇ ಹೋಗಬೇಕು. ಕ್ರಾಮ್‌ವೆಲ್‌ನಿಂದ ಕ್ಲೈಡ್ ಕಡೆ ಹೋಗುವಾಗ ನಿಮ್ಮ ಎಡಕ್ಕೆ ನೀರು. ಅಂದರೆ ಅಂಚಿನ ಬದಿ ನಿಮ್ಮದು. ಕ್ಲೈಡ್‌ನಿಂದ ಬಂದರೆ ಎಡಕ್ಕೆ ಬಂಡೆ. ಎತ್ತರದ ಭಯ ಇರುವವರಿಗೆ ಎರಡನೆಯದೇ ಸಮಾಧಾನ ಅನ್ನಿಸಬಹುದು. ಆದರೆ ವಾಯವ್ಯದ ಗಾಳಿ ಎದ್ದ ದಿನ ಅದು ಮುಖಕ್ಕೇ ಹೊಡೆಯುತ್ತದೆ. ಹಾಗಾಗಿ ಕ್ರಾಮ್‌ವೆಲ್‌ನಿಂದ ಬೆಳಗ್ಗೆ ಬೇಗ ಹೊರಡುವುದೇ ನನ್ನ ಸಲಹೆ. ಎದುರಿಗೆ ಯಾರಾದರೂ ಬಂದರೆ ನಾಚಿಕೆಪಡದೆ ಇಳಿದು ನಿಲ್ಲಿ.

ಹೊರಡುವ ಮುಂಚೆ ಮನೆ ಹತ್ತಿರವೇ ಒಂದು ಪರೀಕ್ಷೆ ಮಾಡಿ. ಲೈಸೆನ್ಸ್‌ಗೆ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸುತ್ತಾರಲ್ಲ, ಹಾಗೆ ಸೈಕಲ್‌ನಲ್ಲಿ ಕಾಲು ಊರದೆ ನಿಧಾನಕ್ಕೆ ಎಂಟು ಹಾಕಿ. ನೆಲದ ಮೇಲೆ ಒಂದು ಮಾರು ಅಗಲಕ್ಕೆ ಎರಡು ಗೆರೆ ಎಳೆದು, ಅದರೊಳಗೇ ಐವತ್ತು ಮೀಟರ್ ಹೋಗಿ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಮೆಲ್ಲಗೆ ಹಿಡಿದು ನಿಲ್ಲಿಸಿ. ಮಗನಿಂದಲೂ ಮಾಡಿಸಿ. ಮೂರೂ ಸಲೀಸಾಗಿ ಬಂದರೆ ಎರಡನೆಯ ದಾರಿಗೂ ನೀವು ಸಿದ್ಧ. ಗೆರೆ ದಾಟಿದರೆ ಇನ್ನೂ ಕೆಲವು ವಾರ ಅಭ್ಯಾಸ ಮಾಡಿ.

ಉಳಿದದ್ದು ಚಿಕ್ಕ ವಿಷಯ. ಹೆಲ್ಮೆಟ್ ಅಲ್ಲಿ 1994ರಿಂದ ಕಡ್ಡಾಯ. ಇದು ಆ ದೇಶದ ಅತಿ ಒಣ ಸೀಮೆ, ಬಿಸಿಲು ಚುರುಕು, ನೆರಳು ಕಡಿಮೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ನಿಲ್ಲುತ್ತಾ ಹೋದರೆ ಐದಾರು ಗಂಟೆ ಹಿಡಿಯುತ್ತದೆ. ಕ್ಲೈಡ್‌ನಿಂದ ಸೈಕಲ್ ಸಮೇತ ವಾಪಸ್ ಕರೆತರುವ ಗಾಡಿಗಳಿವೆ, ಮೊದಲೇ ಹೇಳಿಡಿ.

ನಿಮ್ಮ ಮನೆಯವರಿಗೆ ನಾನು ಹೇಳುವುದಿಷ್ಟು. ತೀರ್ಮಾನವನ್ನು ಇಲ್ಲಿ ಕೂತು ಮಾಡಬೇಡಿ, ಕಾರ್ನಿಶ್ ಪಾಯಿಂಟ್‌ನಲ್ಲಿ ಮಾಡಿ. ಗಾಳಿ ಹೇಗಿದೆ, ಮಗನ ಮುಖ ಹೇಗಿದೆ, ಬಾಟಲಿಯಲ್ಲಿ ನೀರೆಷ್ಟಿದೆ ನೋಡಿ. ಒಬ್ಬರಿಗೆ ಬೇಡ ಅನ್ನಿಸಿದರೂ ಅಲ್ಲಿಂದಲೇ ತಿರುಗಿ. ವಾಪಸ್ ಬರುವಾಗ ಬ್ಯಾನಕ್‌ಬರ್ನ್‌ನಲ್ಲಿ ನಿಧಾನಕ್ಕೆ ಊಟ ಮಾಡಿ, ಸಂಜೆಗೆ ಮುಂಚೆ ಕ್ರಾಮ್‌ವೆಲ್ ಸೇರಬಹುದು.