ಸ್ಟೀಫನ್ ಕಾಟ್ಜ್ ಮತ್ತು ನೂರು ವರ್ಷ ಯಾರಿಗೂ ಅರ್ಥವಾಗದ ಒಂದು ಜೀವಕೋಶ

ಚರ್ಮದ ಡಾಕ್ಟರು ಅಂದರೆ ಮುಲಾಮು ಬರೆದುಕೊಡುವವರು ಎಂಬ ಅಭಿಪ್ರಾಯ ಇವತ್ತಿಗೂ ಪೂರ್ತಿ ಹೋಗಿಲ್ಲ. ಐವತ್ತು ವರ್ಷದ ಹಿಂದೆ ಅದು ಇನ್ನೂ ಜಾಸ್ತಿ ಇತ್ತು. ಅಂಥ ಕಾಲದಲ್ಲಿ ಸ್ಟೀಫನ್ ಕಾಟ್ಜ್ ಎಂಬ ಅಮೆರಿಕದ ಚರ್ಮರೋಗ ತಜ್ಞರು ಮಯಾಮಿಯಲ್ಲಿ ತರಬೇತಿ ಮುಗಿಸಿದರು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದರು. ಆಮೇಲೆ ಕ್ಲಿನಿಕ್ ತೆರೆಯುವುದು ಬಿಟ್ಟು ಇಮ್ಯುನಾಲಜಿ, ಅಂದರೆ ರೋಗನಿರೋಧಕ ಶಕ್ತಿಯ ವಿಜ್ಞಾನ, ಕಲಿಯಲು ಲಂಡನ್ನಿಗೆ ಹೋದರು. 1974ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಪಿಎಚ್‌ಡಿ ಕೈಗೆ ಬಂತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಚರ್ಮರೋಗ ವಿಭಾಗ ಸೇರಿದರು. ಇದು ಇರುವುದು ಬೆಥೆಸ್ಡಾದಲ್ಲಿ. ಹೆಸರು ಕ್ಯಾನ್ಸರ್ ಸಂಸ್ಥೆ ಅಂತಿದ್ದರೂ ಅಲರ್ಜಿ, ಗುಳ್ಳೆ ಏಳುವ ಕಾಯಿಲೆ ಎಲ್ಲದರ ಮೇಲೂ ಅಲ್ಲಿ ಕೆಲಸ ನಡೆಯುತ್ತಿತ್ತು.

ಕಾಟ್ಜ್ ಹೆಸರು ನಮ್ಮ ಕ್ಷೇತ್ರದ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಅಲರ್ಜಿ ಬಗ್ಗೆ ನಾನು ರೋಗಿಗಳಿಗೆ ಹೇಳುವ ಮಾತುಗಳಲ್ಲಿ ಎಷ್ಟೋ ಆ ವಿಭಾಗದಲ್ಲಿ ನಡೆದ ಕೆಲಸದ ಮೇಲೆ ನಿಂತಿವೆ. ಅವರು ಕೈಗೆತ್ತಿಕೊಂಡ ಪ್ರಶ್ನೆ ಆ ಹೊತ್ತಿಗೇ ನೂರು ವರ್ಷ ಹಳೆಯದು.

1868ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯ ವಿದ್ಯಾರ್ಥಿ ಮನುಷ್ಯನ ಚರ್ಮದ ತೆಳು ಪದರವನ್ನು ಗೋಲ್ಡ್ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ನರಗಳು ಕಪ್ಪಾಗಿ ಕಾಣಲಿ ಅಂತ ಬಳಸುತ್ತಿದ್ದ ವಿಧಾನ ಅದು. ನರದ ಜೊತೆಗೆ ಹೊರಚರ್ಮದ ನಡುವೆ ಕವಲು ಕವಲಾಗಿ ಕೈ ಚಾಚಿದ ಕೋಶಗಳೂ ಕಪ್ಪಾದವು. ನರದ ಬಣ್ಣ ಹಿಡಿದಿದೆ, ನರದ ಹಾಗೆ ಕವಲೊಡೆದಿದೆ, ಅಂದಮೇಲೆ ನರಕೋಶವೇ ಇರಬೇಕು ಅಂತ ಬರೆದ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಬರೆಯುತ್ತಿದ್ದರು. ಮರುವರ್ಷ ಇದೇ ಹುಡುಗ ಮೇದೋಜೀರಕ ಗ್ರಂಥಿಯಲ್ಲಿ ಪುಟ್ಟ ಪುಟ್ಟ ಕೋಶದ ಗುಂಪುಗಳನ್ನು ಗುರುತಿಸಿದ. ಇನ್ಸುಲಿನ್ ತಯಾರಾಗುವ ಜಾಗ ಅದೇ ಅಂತ ಆಮೇಲೆ ಗೊತ್ತಾಯಿತು. ಮುಂದೆ ಕ್ಷಯ ಅಂಟಿ, ಮದೀರಾ ದ್ವೀಪಕ್ಕೆ ಹೋಗಿ ನೆಲೆಸಿ, 1888ರಲ್ಲಿ ನಲವತ್ತೊಂದು ತುಂಬುವ ಮೊದಲೇ ತೀರಿಕೊಂಡರು.

ಆ ಕೋಶ ಏನು ಮಾಡುತ್ತದೆ ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶ ಮುದಿಯಾಗಿ ಮೇಲೆ ಬಂದಿರಬೇಕು ಎಂದು ಕೆಲವರು ಹೇಳಿದರು. 1961ರಲ್ಲಿ ಬರ್ಬೆಕ್ ಮತ್ತು ಸಂಗಡಿಗರು ತೊನ್ನು ಬಂದ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಲ್ಯಾಂಗರ್‌ಹಾನ್ಸ್ ಕೋಶದೊಳಗೆ ಟೆನಿಸ್ ರಾಕೆಟ್ ಆಕಾರದ ಸಣ್ಣ ಕಣಗಳು ಕಂಡವು. ಗುರುತು ಹಿಡಿಯಲು ಒಂದು ಚಹರೆ ಸಿಕ್ಕಂತಾಯಿತು. 1968ರಲ್ಲಿ ಬ್ರೆತ್ನಾಕ್ ತಂಡದವರು ಇಲಿಯ ಭ್ರೂಣದಲ್ಲಿ ನರ ಮತ್ತು ಬಣ್ಣದ ಕೋಶಗಳು ಹುಟ್ಟುವ ಮೂಲವನ್ನೇ ಬಿಟ್ಟು ಚರ್ಮ ಬೆಳೆಸಿದರು. ಆ ಚರ್ಮದಲ್ಲೂ ಲ್ಯಾಂಗರ್‌ಹಾನ್ಸ್ ಕೋಶ ಇತ್ತು! ಅಲ್ಲಿಗೆ ನರವೂ ಅಲ್ಲ, ಬಣ್ಣದ ಕೋಶವೂ ಅಲ್ಲ ಅಂತಾಯಿತು. ಹಾಗಾದರೆ ಮತ್ತೇನು?

ಇಲ್ಲಿ ಪ್ಯಾಚ್ ಟೆಸ್ಟ್ ಬಗ್ಗೆ ಸ್ವಲ್ಪ ಹೇಳಬೇಕು. ಕಾಟ್ಜ್‌ಗೆ ಸಿಕ್ಕ ದಾರಿ ಅಲರ್ಜಿಯ ಕಡೆಯಿಂದಲೇ ಬಂದದ್ದು. ಒಂದು ವಸ್ತು ತಾಗಿದ ಜಾಗದಲ್ಲಿ ತಡವಾಗಿ ಏಳುವ ಅಲರ್ಜಿಯನ್ನು ಪರೀಕ್ಷಿಸುವ ಈ ವಿಧಾನವನ್ನು 1895ರಲ್ಲಿ ಯೋಸೆಫ್ ಯಾಡಸೋನ್ ತೋರಿಸಿಕೊಟ್ಟರು. ಇವತ್ತಿಗೂ ಹೆಚ್ಚುಕಮ್ಮಿ ಅದೇ ಕ್ರಮ. ಅನುಮಾನವಿರುವ ರಾಸಾಯನಿಕಗಳನ್ನು ವ್ಯಾಸಲೀನ್‌ನಂಥ ಜಿಡ್ಡಿನಲ್ಲಿ ಬೆರೆಸಿ, ಸಣ್ಣ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ತುಂಬಿ, ಬೆನ್ನ ಮೇಲೆ ಟೇಪು ಹಾಕಿ ಅಂಟಿಸುತ್ತೇವೆ. 48 ಗಂಟೆಗೆ ತೆಗೆಯುತ್ತೇವೆ. ಮತ್ತೆ 72 ಅಥವಾ 96 ಗಂಟೆಗೆ ನೋಡುತ್ತೇವೆ.

ಬರೀ ಉರಿ ಎಬ್ಬಿಸಿದ ವಸ್ತುವಾದರೆ ಬಟ್ಟಲಿನ ಅಂಚಿಗೆ ಸರಿಯಾಗಿ ಗೆರೆ ಎಳೆದ ಹಾಗೆ ಕೆಂಪಾಗಿರುತ್ತದೆ. ಎರಡನೇ ಸಲ ನೋಡುವ ಹೊತ್ತಿಗೆ ಮಾಸಿರುತ್ತದೆ. ನಿಜವಾದ ಅಲರ್ಜಿಯಾದರೆ ಉಲ್ಟಾ. ಮೊದಲ ದಿನಕ್ಕಿಂತ ಆಮೇಲೆ ಜಾಸ್ತಿ. ಬೆರಳಾಡಿಸಿದರೆ ಚರ್ಮ ದಪ್ಪಗೆ, ಸಣ್ಣ ಸಣ್ಣ ಗುಳ್ಳೆಗಳಾಗಿ ಸಿಗುತ್ತದೆ. ಅಂಚು ದಾಟಿ ಹರಡಿರುತ್ತದೆ. ರೋಗಿ ಕೂತಲ್ಲೇ ಬೆನ್ನು ಕೆರೆಯಲು ಒದ್ದಾಡುತ್ತಿರುತ್ತಾರೆ. ಕಣ್ಣಿಗಿಂತ ಬೆರಳನ್ನು ನಂಬು ಅಂತ ನಾನು ಕಿರಿಯರಿಗೆ ಹೇಳುವುದು ಇದಕ್ಕೇ.

ಈ ತಡ ಯಾಕೆ? 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಒಂದು ಗಿನಿ ಪಿಗ್‌ನ ಈ ಬಗೆಯ ಅಲರ್ಜಿಯನ್ನು ಇನ್ನೊಂದಕ್ಕೆ ದಾಟಿಸಿದರು. ದಾಟಿಸಿದ್ದು ಜೀವಂತ ಬಿಳಿ ರಕ್ತಕಣಗಳ ಮೂಲಕ. ಕಣಗಳು ರಕ್ತದಿಂದ ಬಂದು ಸೇರಿ, ಗಲಾಟೆ ಶುರುಮಾಡಲು ಹೊತ್ತು ಬೇಕಲ್ಲ? ಅದಕ್ಕೇ ತಡ. ಆ ಕಣಗಳನ್ನು ಈಗ ಟಿ ಕೋಶ ಅನ್ನುತ್ತೇವೆ. ಆದರೆ ಟಿ ಕೋಶಕ್ಕೆ ಒಂದು ಮಿತಿ ಇದೆ. ಹೊರಗಿನ ವಸ್ತುವನ್ನು ಅದು ತಾನಾಗಿ ಗುರುತಿಸಲಾರದು. ಬೇರೊಂದು ಕೋಶ ಅದನ್ನು ಹಿಡಿದು, ತುಣುಕು ಮಾಡಿ, ತನ್ನ ಮೈಮೇಲಿಟ್ಟು ತೋರಿಸಬೇಕು. ಚರ್ಮದಲ್ಲಿ ಹಾಗೆ ತೋರಿಸುವವರು ಯಾರು?

1973ರಲ್ಲಿ ನ್ಯೂಯಾರ್ಕಿನ ಇಂಗಾ ಸಿಲ್ಬರ್‌ಬರ್ಗ್ ಅಲರ್ಜಿ ಎದ್ದ ಚರ್ಮದ ಚಿತ್ರಗಳಲ್ಲಿ ಒಂದು ವಿಷಯ ಗಮನಿಸಿದರು. ಬಿಳಿ ಕಣಗಳು ಲ್ಯಾಂಗರ್‌ಹಾನ್ಸ್ ಕೋಶಕ್ಕೆ ಒತ್ತಿಕೊಂಡು ನಿಂತಿದ್ದವು. ಅದೇ ವರ್ಷ, ಅದೇ ಊರಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಕೋನ್ ಇಲಿಯ ಗುಲ್ಮದಲ್ಲಿ (ಸ್ಪ್ಲೀನ್) ಕವಲುಳ್ಳ ಹೊಸ ಕೋಶ ಕಂಡು ಅದಕ್ಕೆ ಡೆಂಡ್ರೈಟಿಕ್ ಕೋಶ ಅಂತ ಹೆಸರಿಟ್ಟರು. ಎರಡೂ ಒಂದೇ ಕುಲ ಅಂತ ಆಗ ಯಾರೂ ಹೇಳಿರಲಿಲ್ಲ.

ಕಾಟ್ಜ್ ಕೈ ಹಾಕಿದ್ದು ಇಲ್ಲಿ. 1977ರಲ್ಲಿ ವಿಯೆನ್ನಾದ ಗೇಯಾರ್ಗ್ ಸ್ಟಿಂಗಲ್ ಮತ್ತು ಸಂಗಡಿಗರು ಲ್ಯಾಂಗರ್‌ಹಾನ್ಸ್ ಕೋಶದ ಮೈಮೇಲೆ ರೋಗನಿರೋಧಕ ಕೋಶಗಳಲ್ಲಿ ಸಿಗುವಂಥ ಗ್ರಾಹಕಗಳನ್ನು (ರಿಸೆಪ್ಟರ್) ತೋರಿಸಿದ್ದರು. ಸ್ಟಿಂಗಲ್ ಬೆಥೆಸ್ಡಾಗೆ ಬಂದು ಕಾಟ್ಜ್ ಜೊತೆ ಕೂತರು. ಹೊರಚರ್ಮದ ಕೋಶಗಳಲ್ಲಿ ಲ್ಯಾಂಗರ್‌ಹಾನ್ಸ್ ಕೋಶ ನೂರಕ್ಕೆ ಎರಡರಿಂದ ಐದು ಅಷ್ಟೇ. ಗಿನಿ ಪಿಗ್‌ನ ಚರ್ಮವನ್ನು ಬಿಡಿ ಕೋಶಗಳಾಗಿ ಮಾಡಿ, ಅದರಲ್ಲಿ ಈ ಸ್ವಲ್ಪವನ್ನು ಹೆಕ್ಕಿ, ಪ್ರೋಟೀನು ತಿನ್ನಿಸಿ, ಟಿ ಕೋಶಗಳ ಜೊತೆ ಬಿಟ್ಟರು. ಟಿ ಕೋಶಗಳು ಎಚ್ಚೆತ್ತು ವಿಭಜಿಸತೊಡಗಿದವು. 1978ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತೋರಿಸುವವರು ಸಿಕ್ಕಿದ್ದರು.

ಮರುವರ್ಷದ ಪ್ರಯೋಗ ನನಗೆ ಇನ್ನೂ ಇಷ್ಟ. ಈ ಕೋಶಗಳು ಚರ್ಮದಲ್ಲೇ ಹುಟ್ಟಿದವೇ, ಬೇರೆ ಕಡೆಯಿಂದ ಬಂದವೇ ಎಂಬುದು ಪ್ರಶ್ನೆ. ಕಾಟ್ಜ್, ಜಪಾನಿನ ಕುನಿಹಿಕೊ ತಮಾಕಿ ಮತ್ತು ಡೇವಿಡ್ ಸ್ಯಾಕ್ಸ್ ವಿಕಿರಣ ಕೊಟ್ಟು ಇಲಿಯ ಅಸ್ಥಿಮಜ್ಜೆಯನ್ನು ನಾಶ ಮಾಡಿದರು. ಬೇರೆ ತಳಿಯ ಗುರುತು ಹೊತ್ತ ಅಸ್ಥಿಮಜ್ಜೆ ಸೇರಿಸಿದರು. ಆಮೇಲೆ ಕಾದು, ಚರ್ಮ ತೆಗೆದು, ಲ್ಯಾಂಗರ್‌ಹಾನ್ಸ್ ಕೋಶದ ಮೈಮೇಲೆ ಯಾರ ಗುರುತಿದೆ ಅಂತ ನೋಡಿದರು. ದಾನಿಯ ಗುರುತಿತ್ತು. ಸುತ್ತಲಿನ ಚರ್ಮ ಹಳೆಯ ಇಲಿಯದು, ನಡುವೆ ಕೈ ಚಾಚಿ ಕೂತ ಈ ಕೋಶ ಹೊಸ ಮಜ್ಜೆಯದು. ಕೂದಲು, ಬೆವರಿನ ಗ್ರಂಥಿ ಇರುವ ಹೊದಿಕೆಯೊಳಗೆ ರಕ್ತದ ಕುಲದ ಕೋಶ ಮನೆ ಮಾಡಿದೆ ಎಂದರೆ, ಚರ್ಮವನ್ನೂ ರೋಗನಿರೋಧಕ ಅಂಗ ಅಂತ ಕರೆಯಲೇಬೇಕಾಯಿತು.

ಇದಾದ ಮೇಲೆ ಆ ವಿಭಾಗದಿಂದ ಒಂದರ ಹಿಂದೆ ಒಂದು ಕೆಲಸ ಬಂತು. ಹೊರಚರ್ಮದಲ್ಲಿ ಬಹುಪಾಲು ಇರುವ ಕೆರಟಿನೋಸೈಟ್ ಕೋಶಗಳನ್ನು ಎಲ್ಲರೂ ಸುಮ್ನೆ ಗೋಡೆಯ ಇಟ್ಟಿಗೆ ಅಂದುಕೊಂಡಿದ್ದರು. ಇಟ್ಟಿಗೆಯೂ ಬಿಳಿ ಕಣಗಳನ್ನು ಕೆರಳಿಸುವ ರಾಸಾಯನಿಕ ಸುರಿಸುತ್ತದೆ ಅಂತ 1981ರಲ್ಲಿ ಥಾಮಸ್ ಲೂಗರ್, ಕಾಟ್ಜ್ ಮತ್ತಿತರರು ತೋರಿಸಿದರು. 1991ರಲ್ಲಿ ಅದೇ ವಿಭಾಗದ ಜಾನ್ ಸ್ಟ್ಯಾನ್ಲಿ, ಅಮಗಾಯ್ ಮತ್ತು ಸಂಗಡಿಗರು ಪೆಂಫಿಗಸ್ ಕಾಯಿಲೆಯಲ್ಲಿ ದೇಹ ತನ್ನದೇ ಯಾವ ಪ್ರೋಟೀನಿನ ಮೇಲೆ ದಾಳಿ ಮಾಡುತ್ತದೆ ಅಂತ ಕಂಡುಹಿಡಿದರು. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನು ಅದು. ಹಿಡಿತ ಬಿಟ್ಟರೆ ಬಾಯಲ್ಲಿ, ಮೈಮೇಲೆ ಗುಳ್ಳೆ ಒಡೆದು ಹಸಿ ಗಾಯ. ಮುಂಚೆ ಸ್ಟೆರಾಯ್ಡ್ ಬಿಟ್ಟರೆ ಹೆಚ್ಚು ದಾರಿ ಇರಲಿಲ್ಲ. ಈಗ ಆ್ಯಂಟಿಬಾಡಿ ಮಾಡುವ ಕೋಶಗಳನ್ನೇ ಗುರಿ ಮಾಡುವ ರಿಟಕ್ಸಿಮ್ಯಾಬ್ ಇದೆ.

1995ರಲ್ಲಿ ಕಾಟ್ಜ್ ಅವರನ್ನು ಕೀಲು, ಸ್ನಾಯು ಮತ್ತು ಚರ್ಮದ ಕಾಯಿಲೆಗಳ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರನ್ನಾಗಿ ಮಾಡಿದರು. 2018ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಆ ಕುರ್ಚಿಯಲ್ಲಿದ್ದರು. ಆಡಳಿತದ ಕತೆ ಬೇರೆಯವರು ಬರೆಯಲಿ. ನನಗೆ ಮುಖ್ಯ ಅನ್ನಿಸುವುದು ಬೆಥೆಸ್ಡಾಗೆ ಬಂದು ಹೋದವರ ಸಾಲು. ವಿಯೆನ್ನಾ, ಟೋಕಿಯೊ ಕಡೆಯಿಂದ ಬಂದ ಯುವ ಚರ್ಮ ವೈದ್ಯರು ವಾಪಸ್ ಹೋಗಿ ತಮ್ಮ ಊರಲ್ಲಿ ಪ್ರಯೋಗಾಲಯ ಕಟ್ಟಿದರು. ಈ ವಿದ್ಯೆ ಹರಡಿದ್ದು ಹಾಗೆ.

ಇನ್ನು ಕತೆಯ ತಿರುವು. ಲ್ಯಾಂಗರ್‌ಹಾನ್ಸ್ ಕೋಶ ಅಲರ್ಜಿಯನ್ನು ಶುರುಮಾಡುತ್ತದೆ ಎಂದು ಪುಸ್ತಕಗಳಲ್ಲಿ ಬರೆದಾಯಿತು. 1980ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸ್ಟ್ರೈಲೈನ್ ತಂಡ ಇದಕ್ಕೆ ಪುಷ್ಟಿಯನ್ನೂ ಕೊಟ್ಟಿತ್ತು. ಇಲಿಯ ಬಾಲದ ಚರ್ಮದಲ್ಲಿ ಈ ಕೋಶ ಕಮ್ಮಿ. ಅಲ್ಲಿ ರಾಸಾಯನಿಕ ಹಚ್ಚಿದರೆ ಅಲರ್ಜಿ ಹುಟ್ಟುವ ಬದಲು ಸಹಿಸುವ ಗುಣ ಹುಟ್ಟಿತು. ನೇರಳಾತೀತ ಕಿರಣ ಬಿಟ್ಟು ಕೋಶ ಕಮ್ಮಿ ಮಾಡಿದ ಚರ್ಮದಲ್ಲೂ ಅದೇ ಆಯಿತು. ರೋಗಿಯ ಬೆನ್ನು ಬಿಸಿಲಿಗೆ ಕಂದಿದ್ದರೆ ನಾವು ಪ್ಯಾಚ್ ಟೆಸ್ಟ್ ಮುಂದಕ್ಕೆ ಹಾಕುವುದರ ಹಿಂದೆಯೂ ಇದೇ ಬಗೆಯ ತಿಳಿವಳಿಕೆ ಇದೆ. ಬಿಸಿಲು ಚರ್ಮದ ಪ್ರತಿಕ್ರಿಯೆಯನ್ನು ಮಂಕು ಮಾಡುತ್ತದೆ.

ಆದರೆ 2005ರಲ್ಲಿ ಲ್ಯಾಂಗರ್‌ಹಾನ್ಸ್ ಕೋಶವೇ ಇಲ್ಲದ ಇಲಿಗಳನ್ನು ಬೆಳೆಸಿದ ಡೇನಿಯಲ್ ಕ್ಯಾಪ್ಲನ್ ಮತ್ತು ಸಂಗಡಿಗರಿಗೆ ಸಿಕ್ಕಿದ್ದೇ ಬೇರೆ. ಆ ಇಲಿಗಳಲ್ಲಿ ಅಲರ್ಜಿ ಇನ್ನೂ ಜೋರಾಯಿತು! ಅಂದರೆ ಕೆಲವು ಸಂದರ್ಭದಲ್ಲಿ ಈ ಕೋಶ ಸಮಾಧಾನ ಮಾಡುವ ಕೆಲಸ ಮಾಡುತ್ತಿತ್ತು. ಕೆರಳಿಸುವ ಕೆಲಸಕ್ಕೆ ಕೆಳಗಿನ ಪದರದಲ್ಲಿ ಬೇರೆ ಡೆಂಡ್ರೈಟಿಕ್ ಕೋಶಗಳಿದ್ದವು. ಹುಟ್ಟಿನ ವಿಷಯದಲ್ಲೂ ತಿದ್ದುಪಡಿ ಬಂತು. 2002ರಲ್ಲಿ ಮಿರಿಯಂ ಮೆರಾಡ್ ಮತ್ತು ಸಂಗಡಿಗರು, ಚರ್ಮಕ್ಕೆ ಪೆಟ್ಟು ಬೀಳದಿದ್ದರೆ ಲ್ಯಾಂಗರ್‌ಹಾನ್ಸ್ ಕೋಶಗಳು ಅಲ್ಲಲ್ಲೇ ವಿಭಜಿಸಿಕೊಂಡು ಇರುತ್ತವೆ, ಪೆಟ್ಟು ಬಿದ್ದಾಗ ರಕ್ತದಿಂದ ಹೊಸವು ಬರುತ್ತವೆ ಎಂದು ತೋರಿಸಿದರು. ಇವುಗಳ ಪೂರ್ವಜರು ನಾವು ಹುಟ್ಟುವ ಮೊದಲೇ ಚರ್ಮಕ್ಕೆ ಬಂದು ಸೇರಿರುತ್ತಾರೆ. 1979ರ ಪ್ರಯೋಗ ಸುಳ್ಳಾಗಲಿಲ್ಲ, ಅದಕ್ಕೊಂದು ಷರತ್ತು ಸೇರಿತು. ವಿಜ್ಞಾನದಲ್ಲಿ ಒಳ್ಳೆಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಅಂತ ನನ್ನ ಅನಿಸಿಕೆ.

ಕ್ಲಿನಿಕ್ಕಿನಲ್ಲಿ ಇದೆಲ್ಲ ಎಲ್ಲಿ ಬರುತ್ತದೆ ಅಂದರೆ, ಹೇರ್ ಡೈ ಅಲರ್ಜಿಯಲ್ಲಿ. “ಡಾಕ್ಟರೇ, ಹತ್ತು ವರ್ಷದಿಂದ ಇದೇ ಬ್ರ್ಯಾಂಡ್ ಹಚ್ಚುತ್ತಾ ಇದ್ದೀನಿ, ಈಗ ಹೇಗೆ ಅಲರ್ಜಿ ಆಗುತ್ತೆ?” ಕಣ್ಣು ಮುಚ್ಚುವಷ್ಟು ಮುಖ ಊದಿಸಿಕೊಂಡು ಬಂದವರು ಮೊದಲು ಕೇಳುವುದು ಇದನ್ನೇ. ಹತ್ತು ವರ್ಷ ಹಚ್ಚಿದ್ದಕ್ಕೇ ಆಗಿರಬಹುದು. ಕಪ್ಪು ಬಣ್ಣದ ಪ್ಯಾರಾ-ಫಿನೈಲಿನ್‌ಡೈಅಮೀನ್, ಅಂದರೆ ಪಿಪಿಡಿ, ತೀರಾ ಸಣ್ಣ ಅಣು. ಚರ್ಮದೊಳಗೆ ನುಸುಳಿ ಪ್ರೋಟೀನಿಗೆ ಅಂಟಿಕೊಂಡ ಮೇಲೇ ಅದು ಟಿ ಕೋಶದ ಕಣ್ಣಿಗೆ ಬೀಳುವುದು. ಎಷ್ಟೋ ವರ್ಷ ಸಹಿಸಿದ ಚರ್ಮ, ಒಂದು ಸಲ ತಲೆ ಕೆರೆದು ಗಾಯವಾದಾಗಲೋ ಉರಿಯೂತ ಇದ್ದಾಗಲೋ ಅದೇ ಬಣ್ಣ ಬಿದ್ದರೆ ಸಹಿಸುವುದನ್ನು ಬಿಟ್ಟುಬಿಡಬಹುದು. ಒಮ್ಮೆ ಗುರುತು ಹಿಡಿದ ಟಿ ಕೋಶಗಳ ನೆನಪು ಸುಲಭಕ್ಕೆ ಅಳಿಯುವುದಿಲ್ಲ. 2006ರಲ್ಲಿ ರೇಚಲ್ ಕ್ಲಾರ್ಕ್ ಮತ್ತು ಸಂಗಡಿಗರು ಹಾಕಿದ ಲೆಕ್ಕದ ಪ್ರಕಾರ ವಯಸ್ಕರ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ ಕೋಶಗಳಿವೆ. ರಕ್ತದಲ್ಲಿರುವುದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು.

ಈ ನೆನಪನ್ನು ಕಣ್ಣಾರೆ ನೋಡಬೇಕಾದರೆ ಫಿಕ್ಸೆಡ್ ಡ್ರಗ್ ಇರಪ್ಷನ್ ನೋಡಬೇಕು. ಒಂದು ಮಾತ್ರೆ ನುಂಗಿದಾಗಲೆಲ್ಲ ಅದೇ ತುಟಿ, ಅದೇ ಮಣಿಕಟ್ಟಿನ ಮೇಲೆ ನಾಣ್ಯದಷ್ಟು ಕಂದುಗೆಂಪು ಕಲೆ ಏಳುತ್ತದೆ. ಮಾತ್ರೆ ಮೈಗೆಲ್ಲ ಹರಡಿದರೂ ಕೆರಳುವುದು ಆ ಜಾಗದಲ್ಲಿ ಬೀಡುಬಿಟ್ಟ ಟಿ ಕೋಶಗಳು. ಸೋರಿಯಾಸಿಸ್ ಔಷಧಿ ನಿಲ್ಲಿಸಿದಾಗ ಹಳೆಯ ಜಾಗದಲ್ಲೇ ಮರಳುವುದರ ಹಿಂದೆಯೂ ಇಂಥ ಕೋಶಗಳಿವೆ. ಸೋರಿಯಾಸಿಸ್‌ಗೆ ಐಎಲ್-17 ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಸೆಕುಕಿನುಮ್ಯಾಬ್, ಎಕ್ಸಿಮಾಕ್ಕೆ ಡುಪಿಲುಮ್ಯಾಬ್ ಬಂದು ಸುಮಾರು ಜನರ ಬದುಕು ಬದಲಾಗಿದೆ. ಆದರೂ ಅವು ಕೋಶಗಳ ಬಾಯಿ ಮುಚ್ಚಿಸುತ್ತವೆ, ಮನೆ ಖಾಲಿ ಮಾಡಿಸುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಕಲೆ ಮರಳಿ ಬಂದರೆ ರೋಗಿಗಳು ಔಷಧಿ ಕೆಲಸ ಮಾಡಲಿಲ್ಲ ಅಂತ ಬೇಜಾರಾಗುತ್ತಾರೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳಿದರೆ ಒಳ್ಳೆಯದು.

ಹೇರ್ ಡೈ ಅಲರ್ಜಿಯವರಿಗಂತೂ ನೆನಪು ಅಳಿಸುವ ಮದ್ದು ಸದ್ಯಕ್ಕಿಲ್ಲ. ಟೆಸ್ಟಿನಲ್ಲಿ ಪಿಪಿಡಿ ಬಂದರೆ ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ, ಪರ್ಸಿನಲ್ಲಿ ಇಟ್ಟುಕೊಳ್ಳಲಿ ಅಂತ. ಬ್ರ್ಯಾಂಡ್ ಬದಲಿಸಿದರೆ ಸಾಲದು, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಬೇಕು. “ನ್ಯಾಚುರಲ್” ಅಂತ ದೊಡ್ಡದಾಗಿ ಬರೆದಿದ್ದರೂ ಓದಬೇಕು. ಟೋಲುಯೀನ್-2,5-ಡೈಅಮೀನ್ ಇರುವ ಡೈ ಕೂಡ ತುಂಬ ಜನರಿಗೆ ಆಗಿಬರುವುದಿಲ್ಲ, ಎರಡೂ ನೆಂಟರೇ. ಕೆಲವು ಮರಗಟ್ಟಿಸುವ ಔಷಧಿಗಳೂ ಇದೇ ಬಳಗದವು, ಉದಾಹರಣೆಗೆ ಬೆಂಜೊಕೇನ್. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಚೀಟಿ ತೋರಿಸಲಿ. ಮಕ್ಕಳಿಗೆ ತಮಾಷೆಗೆ ಹಾಕಿಸುವ ಕಡುಗಪ್ಪು ತಾತ್ಕಾಲಿಕ ಟ್ಯಾಟೂಗಳಲ್ಲಿ ಪಿಪಿಡಿ ಜಾಸ್ತಿಯೇ ಇರಬಹುದು. ಹದಿನೈದು ದಿನದ ಆ ಚಿತ್ರಕ್ಕಾಗಿ ಮಗುವಿನ ಚರ್ಮಕ್ಕೆ ಜೀವನಪೂರ್ತಿಯ ಅಲರ್ಜಿ ಕಲಿಸುವುದು ಬೇಡ ಎಂದು ಅಪ್ಪ ಅಮ್ಮಂದಿರಿಗೆ ಹೇಳುತ್ತಲೇ ಇರುತ್ತೇನೆ.