ಬಾಣಂತನದ ತೂಕ ಇಳಿಸೋಕೆ ದುಡ್ಡು ಬೇಕಾ?

ಪ್ರಶ್ನೆ: ಹೆರಿಗೆಯಾಗಿ ಐದು ತಿಂಗಳಾಯಿತು. ಮೊದಲಿಗಿಂತ 12 ಕೆ.ಜಿ. ಜಾಸ್ತಿ ಇದ್ದೇನೆ. ಮಗುವಿಗೆ ಎದೆಹಾಲೇ ಕೊಡುತ್ತಿದ್ದೇನೆ. ಯಜಮಾನರ ಒಬ್ಬರ ದುಡಿಮೆ, ಜಿಮ್ಮೆಲ್ಲ ನಮಗೆ ಆಗುವುದಿಲ್ಲ. ರಾತ್ರಿ ಊಟ ಬಿಟ್ಟರೆ ಸಾಕಾ?

ಊಟ ಮಾತ್ರ ಬಿಡಬೇಡಿ ತಾಯಿ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ರಾತ್ರಿ ಹಸಿದು ಮಲಗಿದರೆ ಬೆಳಿಗ್ಗೆ ಟೀ ಜೊತೆ ಎರಡು ಬನ್ನು ಹೊಟ್ಟೆ ಸೇರುತ್ತವೆ, ಅಷ್ಟೆ.

ನಿಮ್ಮ ತಟ್ಟೆ ನೋಡಿಕೊಳ್ಳಿ. ಬಸ್ಸಾರು ಮಾಡಿದ ದಿನ ಕಾಳು, ಸೊಪ್ಪಿನ ಪಲ್ಯವನ್ನೆಲ್ಲ ಮನೆಯವರಿಗೆ ಬಡಿಸಿ, ನೀವು ಬರೀ ಸಾರಲ್ಲಿ ಮೂರು ಸಲ ಅನ್ನ ಕಲಸಿಕೊಳ್ಳುತ್ತೀರಿ, ಅಲ್ವಾ? ಆಮೇಲೆ ಪಾತ್ರೆ ತೊಳೆಯುವಾಗ ತಳದಲ್ಲಿ ಉಳಿದ ಅನ್ನವನ್ನೂ ಚೆಲ್ಲಲು ಮನಸ್ಸು ಬಾರದೆ ನಿಂತಲ್ಲೇ ತಿನ್ನುತ್ತೀರಿ. ಅದು ಆಸೆಬುರುಕತನ ಅಲ್ಲ, ಅನ್ನದ ಬೆಲೆ ಗೊತ್ತಿರುವವರು ಮಾಡುವುದೇ ಹಾಗೆ. ಅಕ್ಕಿ ಒಂದು ಹಿಡಿ ಕಡಿಮೆ ಹಾಕಿ. ಪಲ್ಯದಲ್ಲಿ ನಿಮ್ಮ ಪಾಲು ಮೊದಲೇ ಎತ್ತಿಡಿ.

ಟೀ ವಿಷಯ ಬಿಡುವ ಹಾಗಿಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಲೋಟ ಅಂದರೆ ತಿಂಗಳಿಗೆ ಒಂದು ಕೆ.ಜಿ.ಗೂ ಮೀರಿದ ಸಕ್ಕರೆ ನಿಮ್ಮೊಬ್ಬರಿಗೇ! ಅರ್ಧ ಮಾಡಿ. ದುಡ್ಡೂ ಉಳಿಯುತ್ತದೆ.

ಮಾತೃಪೂರ್ಣ ಯೋಜನೆಯಲ್ಲಿ ಹೆರಿಗೆಯಾದ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಇದೆ. ನಿಮಗೆ ಇನ್ನೊಂದು ತಿಂಗಳು ಸಿಗುತ್ತದೆ, ಸಂಕೋಚ ಬೇಡ. ಮಗು ಎತ್ತಿಕೊಂಡು ನಡೆದೇ ಹೋಗಿ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ವ್ಯಾಯಾಮಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ಹೊಟ್ಟೆಗೆ ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಸರೆ ಅನ್ನಿಸಬಹುದು, ಕೊಬ್ಬು ಕರಗುವುದಿಲ್ಲ.

ಒಬ್ಬರೇ ಮಾಡಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 371 ಬಡ ತಾಯಂದಿರ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಫೋನಿಗೆ ಮೆಸೇಜು, ವೆಬ್‌ಸೈಟಿನ ಪಾಠ, ತಿಂಗಳಿಗೊಮ್ಮೆ ಎಲ್ಲರೂ ಸೇರಿ ಮಾತು. ಇಷ್ಟು ಸಿಕ್ಕವರು ವರ್ಷದಲ್ಲಿ ಸರಾಸರಿ 3.2 ಕೆ.ಜಿ. ಇಳಿದರು. ಸಿಗದವರು 0.9 ಕೆ.ಜಿ. ಮಾತ್ರ. ಒಂದು ವರ್ಷಕ್ಕೆ ಮೂರು ಕೆ.ಜಿ. ಅಂದರೆ ಸಣ್ಣದಲ್ಲ. ನಿಮ್ಮ ಬೀದಿಯ ಇನ್ನೊಬ್ಬ ಬಾಣಂತಿಯನ್ನು ಜೊತೆ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಮಗುವಿನ ತೂಕ ನೋಡಿಸುವಾಗ ನಿಮ್ಮದನ್ನೂ ನೋಡಿಸಿ, ತಾಯಿ ಕಾರ್ಡಿನ ಹಿಂದೆ ಬರೆದಿಡಿ.

ಇಷ್ಟೆಲ್ಲ ಮಾಡಿಯೂ ಮುಳ್ಳು ಅಲುಗದಿದ್ದರೆ, ಸದಾ ಸುಸ್ತು ಇದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಥೈರಾಯ್ಡ್ ಪರೀಕ್ಷೆ ಕೇಳಿ. ಹೆರಿಗೆ ಆದಮೇಲೆ ಕೆಲವರಿಗೆ ಅದು ಏರುಪೇರಾಗುತ್ತದೆ.